ಮೆತ್ತಗಿದ್ದರೆ ಸಾಕು ಅಂದುಕೊಂಡಿದ್ದೆ

ಬೆಳಿಗ್ಗೆ ನಾಲ್ಕೂವರೆಗೆ ಅಲಾರಂ. ಮಂಚದಿಂದ ಇಳಿದು ಬಲಗಾಲು ನೆಲಕ್ಕಿಟ್ಟರೆ ಸಾಕು, ಹೆರೆಮಣೆಯ ಹಲ್ಲಿನ ಮೇಲೆ ಹಿಮ್ಮಡಿ ಊರಿದ ಹಾಗೆ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವುದು. ಹತ್ತು ಹದಿನೈದು ಹೆಜ್ಜೆ ಆದಮೇಲೆ ಸ್ವಲ್ಪ ಸಡಿಲ. ಸ್ನಾನ ಮುಗಿಯುವ ಹೊತ್ತಿಗೆ ಮರೆತೇ ಹೋಗುತ್ತಿತ್ತು. ಅದಕ್ಕೇ ಎಂಟು ತಿಂಗಳು ಸುಮ್ನೆ ಇದ್ದೆ. ತಾನಾಗಿ ಮರೆತು ಹೋಗುವ ನೋವಿಗೆ ಡಾಕ್ಟರ್ ಯಾಕೆ, ಅಲ್ವಾ?

ನಾನು ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಹೆಸರಿಗೆ ಮ್ಯಾನೇಜರ್, ಕೆಲಸ ಎಲ್ಲದೂ. ಗಲ್ಲಾದಲ್ಲಿ ಧನಿಗಳು ಕೂರುತ್ತಾರೆ. ನಾನು ಬಾಗಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ. ಭಾನುವಾರ ಬೆಳಿಗ್ಗೆ ಫುಟ್‌ಪಾತ್ ತನಕ ಜನ ನಿಂತಿರುತ್ತಾರೆ, ಹೆಸರು ಬರೆದುಕೊಂಡು ಕರೆಯುವವನೂ ನಾನೇ. ಕುರ್ಚಿ ಇಲ್ಲ ಅಂತಲ್ಲ, ಕೂರುವ ಅಭ್ಯಾಸ ಇಲ್ಲ. ಮನೆ ಡೊಂಬಿವಲಿ. ಲೋಕಲ್‌ನಲ್ಲಿ ಬೆಳಿಗ್ಗೆ ಒಮ್ಮೊಮ್ಮೆ ಸೀಟು ಸಿಗುತ್ತದೆ, ಬರುವಾಗ ಖಂಡಿತ ಇಲ್ಲ.

1991ರಲ್ಲಿ ಕುಂದಾಪುರ ಕಡೆಯಿಂದ ಬಂದಾಗ ನನಗೆ 17. ಕೊಂಕಣ ರೈಲು ಆಗ ಇನ್ನೂ ಇರಲಿಲ್ಲ, ಬಸ್ಸಲ್ಲೇ ಬಂದದ್ದು. ಕಾಲಲ್ಲಿ ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಹಗಲು ಟೇಬಲ್ ಒರೆಸುವುದು, ರಾತ್ರಿ ಕನ್ನಡ ರಾತ್ರಿಶಾಲೆ. ಅದೇ ಚಪ್ಪಲಿ, ಬೇರೆ ಬೇರೆ ಜೋಡಿ, ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಹಾಕಿದ್ದೇನೆ. ಆಮೇಲೆ ಮ್ಯಾನೇಜರ್ ಆದ ಮೇಲೆ ಕಪ್ಪು ಶೂ. ಅದೂ ಒಳಗೆ ಹಲಗೆ ಹಾಗೆ ಚಪ್ಪಟೆ. ಕಾಲಿಗೂ ಒಂದು ಆಕಾರ ಇದೆ, ಅದಕ್ಕೊಂದು ಲೆಕ್ಕ ಇದೆ ಅಂತ ಐವತ್ತು ದಾಟುವವರೆಗೆ ಗೊತ್ತೇ ಇರಲಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸ್ಟೇಷನ್ ಹೊರಗಿನ ಮೆಡಿಕಲ್‌ನಲ್ಲಿ ಹಿಮ್ಮಡಿಗೆ ಹಾಕುವ ಜೆಲ್ ಪ್ಯಾಡ್ ತಗೊಂಡೆ, 350 ರೂಪಾಯಿ. ಮುಟ್ಟಿದರೆ ಹಲಸಿನ ಕಡುಬಿನ ಹಾಗೆ ಮೆತ್ತಗೆ. ಮೊದಲ ಎರಡು ದಿನ ಸ್ವರ್ಗ. ಮೂರನೇ ದಿನ ಮಧ್ಯಾಹ್ನದ ಊಟದ ಗಲಾಟೆ ಮುಗಿಯುವಾಗ ಹಿಮ್ಮಡಿ ಮಾತ್ರವಲ್ಲ, ಕಾಲಿನ ಒಳಮಗ್ಗುಲು ಪೂರ್ತಿ ಸೆಳೆಯತೊಡಗಿತು. ಜೆಲ್ ಸಾಲದು ಅಂತ ತೀರ್ಮಾನ ಮಾಡಿ 2,800 ಕೊಟ್ಟು ಮೆಮೊರಿ ಫೋಮ್ ಶೂ ತಗೊಂಡೆ. ಅಂಗಡಿಯಲ್ಲಿ ಹಾಕಿ ನಡೆದಾಗ ಮೋಡದ ಮೇಲೆ ನಡೆದ ಹಾಗೆ ಅನ್ನಿಸಿತ್ತು. ಆ ಮೋಡ ಒಂದು ತಿಂಗಳಲ್ಲಿ ಕುಸಿಯಿತು. ಒಳಗೆ ಕೈ ಹಾಕಿ ನೋಡಿದರೆ ನನ್ನ ಪಾದದ್ದೇ ಗುಂಡಿ ಬಿದ್ದಿದೆ, ಒಳಗಿನ ಕಡೆ ಜಾಸ್ತಿ. ಅಂದರೆ ನನ್ನ ಕಾಲು ಎಲ್ಲಿಗೆ ಬೀಳುತ್ತಿತ್ತೋ ಅಲ್ಲಿಗೇ ಬೀಳಲು ಆ ಫೋಮ್ ಜಾಗ ಮಾಡಿಕೊಟ್ಟಿತ್ತು. ಆಗ ಇದು ತಲೆಗೆ ಹೋಗಲಿಲ್ಲ. ಶೂ ಸರಿ ಇಲ್ಲ ಅಂತ ಬೈದುಕೊಂಡೆ.

ಡಾಕ್ಟರ್ ಹತ್ತಿರ ಕಳಿಸಿದ್ದು ನನ್ನ ಹೆಂಡತಿ. ಕಳಿಸಿದ್ದು ಅನ್ನುವುದಕ್ಕಿಂತ ಎಳೆದುಕೊಂಡು ಹೋಗಿದ್ದು ಅನ್ನಬೇಕು. ಮೂಳೆ ಡಾಕ್ಟರ್ ಹೆಬ್ಬೆರಳಿನಿಂದ ಹಿಮ್ಮಡಿಯ ಒಳಮಗ್ಗುಲಲ್ಲಿ ಒಂದು ಕಡೆ ಒತ್ತಿದರು. ನಾನು ಟೇಬಲ್ಲಿಂದ ಅರ್ಧ ಎದ್ದೆ. "ಪ್ಲಾಂಟರ್ ಫೇಶಿಯೈಟಿಸ್" ಅಂದರು. ಹೆಸರು ಕೇಳಿ ಗಾಬರಿ ಆಗಬೇಡಿ. ಹಿಮ್ಮಡಿ ಮೂಳೆಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಬಿಲ್ಲಿಗೆ ಹೆದೆ ಇದ್ದ ಹಾಗೆ. ಪಾದದ ಕಮಾನು ಬಿಲ್ಲು, ಈ ಪಟ್ಟಿ ಹೆದೆ. ಕಮಾನು ಕೆಳಗೆ ಕೂತಷ್ಟೂ ಹೆದೆಗೆ ಎಳೆತ. ದಿನಾ ಹತ್ತು ಹನ್ನೆರಡು ಗಂಟೆ ಕಲ್ಲಿನ ನೆಲದ ಮೇಲೆ ನಿಂತರೆ ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲಿ ಅದು ಸೋಲುತ್ತದೆ. ರಾತ್ರಿ ಮಲಗಿದಾಗ ಪಟ್ಟಿ ಬಿಗಿದುಕೊಂಡಿರುತ್ತದೆ, ಬೆಳಿಗ್ಗೆ ಮೊದಲ ಹೆಜ್ಜೆಗೆ ತಟ್ಟನೆ ಹಿಗ್ಗಬೇಕು. ಅದಕ್ಕೇ ಆ ಹೆರೆಮಣೆ.

ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆಗೆ ಒಂದು ಸಣ್ಣ ಕೊಕ್ಕೆ ಬೆಳೆದದ್ದು ಕಂಡಿತು. ನಾನು ಅದೇ ಕಳ್ಳ ಅಂದುಕೊಂಡೆ. ಡಾಕ್ಟರ್ ನಕ್ಕರು. ನೋವೇ ಇಲ್ಲದ ಎಷ್ಟೋ ಜನರಿಗೆ ಆ ಕೊಕ್ಕೆ ಇರುತ್ತದಂತೆ, ಅದನ್ನು ಕೆತ್ತಿ ತೆಗೆಯುವ ಯೋಚನೆಯೇ ಬೇಡ ಅಂದರು. ಹೆಚ್ಚಿನವರಿಗೆ ಆಪರೇಷನ್ ಇಲ್ಲದೆಯೇ ವಾಸಿಯಾಗುತ್ತದೆ, ಆದರೆ ವಾರದ ಲೆಕ್ಕ ಅಲ್ಲ, ತಿಂಗಳುಗಳ ಲೆಕ್ಕ ಅಂದರು. ಶುಗರ್ ಟೆಸ್ಟೂ ಮಾಡಿಸಿದರು. ನೈಲಾನ್ ದಾರದಂಥ ಒಂದು ಕಡ್ಡಿಯಿಂದ ಅಂಗಾಲಿನಲ್ಲಿ ಅಲ್ಲಲ್ಲಿ ಚುಚ್ಚಿ, ಕಣ್ಣು ಮುಚ್ಚಿಕೊಂಡು ಎಲ್ಲಿ ಮುಟ್ಟಿದ್ದು ಹೇಳಿ ಅಂದರು. ಶುಗರ್ ಇದ್ದು ಪಾದ ಜೋಮು ಹಿಡಿದವರು ಅಂಗಡಿಯಲ್ಲಿ ಸಿಕ್ಕಿದ ಗಟ್ಟಿ ಇನ್‌ಸೋಲ್, ಅಂದರೆ ಶೂ ಒಳಗೆ ಹಾಕುವ ಅಟ್ಟೆ, ತಂದು ಹಾಕಬಾರದು. ಅದು ಒತ್ತಿ ಹುಣ್ಣಾದರೂ ಅವರಿಗೆ ಗೊತ್ತಾಗುವುದಿಲ್ಲ. ನನಗೆ ಶುಗರ್ ಗಡಿಯಲ್ಲಿ ನಿಂತಿದೆ, ಜೋಮು ಇಲ್ಲ. ಹೋಟೆಲಿನವರಿಗೆ ಗಡಿಯಲ್ಲಿ ನಿಲ್ಲುವುದೇ ದೊಡ್ಡದು.

ಆಮೇಲೆ ಅವರು ನನ್ನನ್ನು ನಿಲ್ಲಿಸಿ ಕಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತಿದರು. ಚಪ್ಪಟೆ ಬಿದ್ದಿದ್ದ ಪಾದದಲ್ಲಿ ಕಮಾನು ಎದ್ದು ನಿಂತಿತು. ನನ್ನದೇ ಕಾಲು, ನಾನೇ ನೋಡಿರಲಿಲ್ಲ. ತುದಿಗಾಲಲ್ಲಿ ನಿಂತಾಗಲೂ ಹಾಗೇ. "ಕಮಾನು ಇದೆ, ಭಾರ ಬಿದ್ದಾಗ ಕೂರುತ್ತದೆ. ಇಂಥದ್ದಕ್ಕೆ ಕೆಳಗಿಂದ ಆಧಾರ ಕೊಟ್ಟರೆ ಕೆಲಸ ಮಾಡುತ್ತದೆ. ಆಧಾರ ಅಂದೆ, ಹಾಸಿಗೆ ಅಲ್ಲ" ಅಂದರು.

ಈ ಒಂದು ಮಾತಿಗೆ ಅವರ ಫೀಸು ವಸೂಲು. ಆದರೆ ನನಗೆ ಪೂರ್ತಿ ಅರ್ಥವಾದದ್ದು ಮನೆಗೆ ಬಂದ ಮೇಲೆ. ಒದ್ದೆ ಕಾಲಲ್ಲಿ ಬಚ್ಚಲಿಂದ ಬಂದೆ. ನಮ್ಮ ಅಡುಗೆಮನೆ ಬಾಗಿಲಲ್ಲಿ ಕಪ್ಪು ಕಡಪ ಕಲ್ಲು. ಅದರ ಮೇಲೆ ನನ್ನ ಹೆಜ್ಜೆ ಬಿದ್ದದ್ದನ್ನು ಹೆಂಡತಿ ನೋಡಿದಳು.

"ಇದೆಂತ ಮಾರಾಯ್ರೆ, ಸಟ್ಟುಗದ ಹಾಗಿದೆ!"

ಹೌದು. ದೋಸೆ ಮಗುಚುವ ಸಟ್ಟುಗ. ಹಿಮ್ಮಡಿಯಿಂದ ಬೆರಳಿನವರೆಗೆ ಒಂದೇ ಅಗಲ. ಪಕ್ಕದಲ್ಲಿ ಅವಳು ತನ್ನ ಕಾಲು ಒದ್ದೆ ಮಾಡಿ ಒತ್ತಿದಳು. ಅಷ್ಟಮಿಗೆ ಮುಷ್ಟಿಯನ್ನು ಅಕ್ಕಿಹಿಟ್ಟಲ್ಲಿ ಅದ್ದಿ ಬಾಗಿಲಿಂದ ದೇವರಕೋಣೆವರೆಗೆ ಕೃಷ್ಣನ ಪಾದ ಒತ್ತುತ್ತೇವಲ್ಲ, ಥೇಟ್ ಹಾಗೆ. ನಡುವೆ ಒಳಗಿನ ಕಡೆ ಚಂದ ಬಾಗಿದೆ. ನೀರು ಆರುವವರೆಗೆ ಇಬ್ಬರೂ ಬಗ್ಗಿ ನೋಡಿದೆವು. ಮಗಳು ಫೋಟೋ ತೆಗೆದು ಫ್ಯಾಮಿಲಿ ಗುಂಪಿಗೆ ಹಾಕಿದಳು, ಅದು ಬೇಡವಾಗಿತ್ತು. ಊರಿಂದ ಅಣ್ಣ ಅವನದ್ದೂ ಕಳಿಸಿದ. ಅವನದ್ದೂ ಸಟ್ಟುಗವೇ.

ಮುಂದಿನದ್ದು ಇನ್‌ಸೋಲ್ ಹುಡುಕಾಟ. ಪಾದದ ಅಚ್ಚು ತೆಗೆದು ಮಾಡಿಸಿಕೊಳ್ಳುವುದು ಒಂದು ದಾರಿ. ನನಗೆ ಒಬ್ಬರು ಹೇಳಿದ ರೇಟು 6,000. ಹಾಜಿ ಅಲಿ ಹತ್ತಿರ ಕೇಂದ್ರ ಸರ್ಕಾರದ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್ ಸಂಸ್ಥೆ ಇದೆ, 1955ರಿಂದ ಇರುವುದು. ಕೃತಕ ಕಾಲು, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಮಾಡುವ ವಿಭಾಗ ಅಲ್ಲಿದೆ. ಕಾಲಿನ ತೊಂದರೆ ದೊಡ್ಡದಿದ್ದವರು ಅಂಥ ಕಡೆ ಹೋಗುವುದು ಒಳ್ಳೆಯದು. ನನ್ನ ಡಾಕ್ಟರ್ ಮಾತ್ರ, ನಿಮಗೆ ಈಗಲೇ ಅಚ್ಚು ಬೇಡ, ಒಳ್ಳೆ ರೆಡಿಮೇಡ್ ಮೂರು ತಿಂಗಳು ಹಾಕಿ ನೋಡಿ, ಈ ನೋವಿಗೆ ಎಷ್ಟೋ ಜನರಿಗೆ ಎರಡರಿಂದಲೂ ಹೆಚ್ಚುಕಮ್ಮಿ ಅಷ್ಟೇ ಗುಣ ಅಂದರು. ಆರು ಸಾವಿರ ಉಳಿಯಿತಲ್ಲ ಅಂತ ಖುಷಿಯಲ್ಲಿ ಹೊರಟೆ.

ಅಂಗಡಿಗಳ ಕಥೆ ಹೇಳಿದರೆ ಮುಗಿಯದು. ದಾದರ್, ಬಾಂದ್ರಾದ ಲಿಂಕಿಂಗ್ ರೋಡ್, ಕುರ್ಲಾದ ಮಾಲ್. ಎಲ್ಲಿ ಹೋದರೂ ಹುಡುಗರ ಬಾಯಲ್ಲಿ ಒಂದೇ ಮಾತು, "ಫುಲ್ ಆರ್ಚ್ ಸಪೋರ್ಟ್ ಹೈ ಅಂಕಲ್." ಕಮಾನಿಗೆ ಪೂರ್ತಿ ಆಧಾರ ಇದೆಯಂತೆ, ಒತ್ತಿ ನೋಡಿದರೆ ಸ್ಪಂಜು. ಒಬ್ಬ ಹುಡುಗ ಕಮಾನಿನ ಜಾಗದಲ್ಲಿ ಬೇರೆ ಬಣ್ಣದ ತೇಪೆ ಹಚ್ಚಿದ್ದನ್ನು ತೋರಿಸಿ ಇದೇ ಸಪೋರ್ಟ್ ಅಂದ. ಬಣ್ಣ ನನ್ನ ಕಾಲನ್ನು ಎತ್ತಿ ಹಿಡಿಯುತ್ತದಾ?

ಇದಕ್ಕೊಂದು ಉಪಾಯವನ್ನು ಫಿಸಿಯೋಥೆರಪಿ ಹುಡುಗಿ ಹೇಳಿಕೊಟ್ಟಳು. ಇನ್‌ಸೋಲನ್ನು ಮೇಜಿನ ಮೇಲಿಟ್ಟು ಕಮಾನಿನ ಉಬ್ಬನ್ನು ಹೆಬ್ಬೆರಳಿನಿಂದ ಜೋರಾಗಿ ಅದುಮಬೇಕು. ಬೆರಳಿಗೇ ಅದು ಬಗ್ಗಿತು ಅಂದರೆ ನನ್ನ 78 ಕಿಲೋ ಹೊತ್ತುಕೊಳ್ಳುತ್ತದಾ? ಮೇಲೆ ತೆಳ್ಳಗೆ ಫೋಮ್ ಇರಲಿ, ಅಡಿಯಲ್ಲಿ ಗಟ್ಟಿ ಚಿಪ್ಪು ಬೇಕು. ಹಿಮ್ಮಡಿ ಕೂರುವ ಜಾಗ ಬಟ್ಟಲಿನ ಹಾಗೆ ಆಳ ಇರಬೇಕು. ಹಿಮ್ಮಡಿ ಅತ್ತಿತ್ತ ಹೊರಳಿದರೆ ಮುಂದಿನ ಕಮಾನಿಗೆ ಏನು ಕೊಟ್ಟರೂ ಪ್ರಯೋಜನ ಇಲ್ಲ. ಜೆಲ್ ಪ್ಯಾಡ್ ಬೇಡವೇ ಬೇಡ ಅಂತ ಅವಳೂ ಹೇಳಲಿಲ್ಲ. ಅದು ಪೆಟ್ಟು ತಡೆಯುತ್ತದೆ, ಎತ್ತಿ ಹಿಡಿಯುವುದಿಲ್ಲ, ಅಷ್ಟೇ.

ಇದನ್ನೆಲ್ಲಾ ತಿಳಿದುಕೊಂಡು ಆನ್‌ಲೈನ್‌ನಲ್ಲಿ 900 ರೂಪಾಯಿಗೆ ಒಂದು ಜೋಡಿ ತರಿಸಿದೆ. ಗಟ್ಟಿ ಇತ್ತು. ಹಾಕಿಕೊಂಡು ಸೀದಾ ಡ್ಯೂಟಿಗೆ ಹೋದೆ. ಸಂಜೆಯ ಹೊತ್ತಿಗೆ ಪಾದದ ಮುಂಭಾಗದಲ್ಲಿ ಬೇಯದ ಕಡಲೆ ತುಳಿದ ಹಾಗೆ. ಮೊಣಕಾಲೂ ಮಾತಾಡತೊಡಗಿತು. ಹಿಮ್ಮಡಿ ಶೂನಿಂದ ಪ್ರತಿ ಹೆಜ್ಜೆಗೂ ಮೇಲೆ ಬರುತ್ತಿತ್ತು. ಇದೂ ಹೋಯ್ತಲ್ಲ 900 ಅಂತ ಶೂ ಬಿಚ್ಚಿ ಕೈಯಲ್ಲಿ ಹಿಡಿದು ಮಾಟುಂಗ ಸ್ಟೇಷನ್ ಹೊರಗೆ ಚಪ್ಪಲಿ ಹೊಲಿಯುವವರ ಮುಂದೆ ಕೂತೆ. ಒಳಗಿನ ಉಬ್ಬನ್ನು ಸ್ವಲ್ಪ ಕೆತ್ತಿಸೋಣ ಅಂತ.

ಅವರು ಅಥಣಿ ಕಡೆಯವರು. ನಾನು ಫೋನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಅವರೇ ಮಾತಿಗೆಳೆದರು. ಕೊಲ್ಹಾಪುರಿ ಚಪ್ಪಲಿ ಅಂತ ಜಗತ್ತೆಲ್ಲಾ ಕರೆಯುವುದರಲ್ಲಿ ಅಥಣಿ, ನಿಪ್ಪಾಣಿಯವರ ಕೈಕೆಲಸ ಎಷ್ಟಿದೆ ಅಂತ ನಮ್ಮವರಿಗೇ ಗೊತ್ತಿಲ್ಲ. 2019ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಇಂಥ ಊರಿನದ್ದೇ ಕಸುಬು ಅನ್ನುವ ಸರ್ಕಾರಿ ಗುರುತು, ಕೊಟ್ಟಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವನ್ನೂ ಸೇರಿಸಿದ್ದಾರೆ. ಇರಲಿ. ಅವರು ಇನ್‌ಸೋಲ್ ಮುಟ್ಟಲೇ ಇಲ್ಲ. ಶೂ ತಿರುಗಿಸಿ ತಳ ನೋಡಿದರು. ಬೆರಳಿಂದ ಮಣ್ಣು ಒರೆಸಿದರು.

"ಸಾಹೇಬ್ರ, ಮಂದೀದು ಹಿಮ್ಮಡ ಹೊರಗಿನ ಮಗ್ಗಲಾ ಸವೀತೈತಿ. ನಿಮ್ದು ನೋಡ್ರಿ, ಒಳಗ ಸವದೈತಿ. ನಿಮ್ಮ ಕಾಲು ಒಳಗ ಬೀಳಾಕತ್ತಾವು."

ಡಾಕ್ಟರ್ ಎಕ್ಸ್‌ರೇ ತೆಗೆಸಿ, ನಿಲ್ಲಿಸಿ, ನಡೆಸಿ ಹೇಳಿದ್ದನ್ನು ಇವರು ಸವೆದ ರಬ್ಬರ್ ನೋಡಿ ಹೇಳಿದರು. ಆಮೇಲೆ ಇನ್‌ಸೋಲ್ ಎತ್ತಿದರು. ಅದರ ಅಡಿಯಲ್ಲಿ ಶೂ ಜೊತೆ ಬಂದ ಹಳೇ ಅಟ್ಟೆ ಹಾಗೇ ಇತ್ತು. ನಾನು ಒಂದರ ಮೇಲೆ ಒಂದು ಹಾಕಿದ್ದೆ! ಹಿಮ್ಮಡಿ ಮೇಲೆ ಬರದೆ ಇನ್ನೇನಾಗುತ್ತದೆ. ಅವರು ಹಳೆಯದನ್ನು ಕಿತ್ತರು, ಹೊಸದನ್ನು ನನ್ನ ಬರಿಗಾಲಿಗೆ ಹಿಡಿದು ನೋಡಿದರು. ಅದರ ಉಬ್ಬು ನನ್ನ ಕಮಾನಿಗಿಂತ ಎರಡು ಬೆರಳು ಮುಂದಿತ್ತು.

"ಉಬ್ಬು ಮುಂದ ಬಂದೈತಿ. ಇದು ನಿಮ್ಮ ಕಾಲಿಂದಲ್ಲ, ದೊಡ್ಡ ಕಾಲಿಂದು. ಕೆತ್ತಿದ್ರ ಕೆಡತೈತಿ. ಸಣ್ಣದ ತರಸ್ರಿ, ಮುಂದ ಬೆರಳ ಕಡೆ ಸಾಲದಿದ್ರ ಚಿಂತಿಲ್ಲ."

ಇದನ್ನು ಯಾವ ಅಂಗಡಿಯವರೂ ಹೇಳಿರಲಿಲ್ಲ. ಒಂದೇ ನಂಬರ್ ಶೂ ಹಾಕುವ ಇಬ್ಬರಿಗೆ ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗಿನ ಅಳತೆ ಬೇರೆ ಬೇರೆ ಇರಬಹುದು. ಒಬ್ಬರಿಗೆ ಬೆರಳು ಉದ್ದ, ಒಬ್ಬರಿಗೆ ಪಾದ ಉದ್ದ. ಇನ್‌ಸೋಲ್ ಆರಿಸುವಾಗ ಬೆರಳಿನ ತುದಿ ನೋಡಬಾರದು, ಕಮಾನು ಎಲ್ಲಿ ಕೂರುತ್ತದೆ ನೋಡಬೇಕು. ಮುಂದೆ ಉದ್ದವಾದರೆ ಕತ್ತರಿ ಇದೆ. ಅವರಿಗೆ ಇಪ್ಪತ್ತು ರೂಪಾಯಿ ಕೊಡಲು ಹೋದೆ, ಕೆಲಸಾನೇ ಮಾಡಿಲ್ಲ ಅಂತ ತಗೊಳ್ಳಲಿಲ್ಲ. ಮರುದಿನ ಎರಡು ಇಡ್ಲಿ ಒಂದು ವಡೆ ಕಟ್ಟಿಸಿ ಕಳಿಸಿದೆ.

ಸರಿಯಾದ ಜೋಡಿ 1,450ಕ್ಕೆ ಸಿಕ್ಕಿತು. ಆದರೆ ಅದು ನನ್ನ ಹಳೇ ಶೂಗೆ ಹೋಗಲಿಲ್ಲ. ಶೂ ಒಳಗೆ ಅಷ್ಟು ಆಳ ಇಲ್ಲ. ಹೋದರೂ ಶೂನ ಹಿಂಭಾಗ ಮೆತ್ತಗೆ, ಅದೇ ಒಳಕ್ಕೆ ವಾಲುತ್ತದೆ. ಕುಂಟ ಮೇಜಿನ ಮೇಲೆ ಎಷ್ಟು ಒಳ್ಳೆ ಬಟ್ಟೆ ಹಾಸಿದರೂ ಮೇಜು ಕುಂಟುವುದೇ. ಹಾಗಾಗಿ ಮತ್ತೆ ಅಂಗಡಿ.

ಈ ಸಲ ನಾನು ಗಿರಾಕಿ ಅಲ್ಲ, ಇನ್ಸ್‌ಪೆಕ್ಟರ್. ಸಂಜೆಯೇ ಹೋದೆ, ದಿನವಿಡೀ ನಿಂತು ಕಾಲು ಊದಿದ ಮೇಲೆ. ಬೆಳಿಗ್ಗೆ ಸರಿಯಾಗಿದ್ದ ಶೂ ಸಂಜೆ ಬಿಗಿ ಆಗುತ್ತದೆ. ಶೂನ ಹಿಂಭಾಗವನ್ನು ಎರಡು ಬೆರಳಲ್ಲಿ ಹಿಂಡಿದೆ. ಹಪ್ಪಳದ ಹಿಟ್ಟಿನ ಹಾಗೆ ಮಡಚಿದ್ದನ್ನೆಲ್ಲಾ ಕೆಳಗಿಟ್ಟೆ. ಮುಂದೆ ಹಿಂದೆ ಹಿಡಿದು ಬಗ್ಗಿಸಿದೆ. ಬೆರಳು ಬಗ್ಗುವ ಜಾಗದಲ್ಲಿ ಬಗ್ಗಬೇಕು, ನಡುಮಧ್ಯ ಬಗ್ಗಿದರೆ ಬೇಡ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿದೆ. ಪೂರ್ತಿ ತಿರುಚಿಕೊಂಡರೆ ಬೇಡ. ಒಳಗಿನ ಅಟ್ಟೆ ಎಳೆದರೆ ಕೈಗೆ ಬರಬೇಕು, ಅಂಟಿಸಿದ್ದರೆ ನನ್ನ ಇನ್‌ಸೋಲಿಗೆ ಜಾಗ ಇಲ್ಲ. ಎಳೆದ ಆ ಅಟ್ಟೆಯನ್ನು ನೆಲಕ್ಕಿಟ್ಟು ಅದರ ಮೇಲೆ ನಿಂತೆ. ಕಾಲು ಎರಡೂ ಕಡೆ ಹೊರಗೆ ಚೆಲ್ಲಿತು ಅಂದರೆ ಆ ಶೂ ಎಷ್ಟೇ ಚಂದ ಇದ್ದರೂ ನನ್ನದಲ್ಲ. ಹುಡುಗ ಅಂಗಡಿ ಮಾಲೀಕನ ಮುಖ ನೋಡಿದ. ಮಾಲೀಕ ಎಸಿ ಕಡೆ ನೋಡಿದ.

ಅಗಲದ್ದೇ ದೊಡ್ಡ ತಲೆನೋವು. ನಾವು 8, 9 ಅಂತ ಕೇಳುವ ನಂಬರ್ ಬ್ರಿಟಿಷರದ್ದು. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದ ಬೇರೆ ಬೇರೆ ಕಡೆ ಸುಮಾರು ಒಂದು ಲಕ್ಷ ಜನರ ಪಾದ ಅಳೆದು, ನಮ್ಮವರ ಪಾದ ಅಗಲ ಜಾಸ್ತಿ, ನಮಗೆ ನಮ್ಮದೇ ಅಳತೆ ಬೇಕು ಅಂದಿದ್ದಾರೆ. ಅಗಲ ಸಾಲದೆ ಒಂದು ನಂಬರ್ ದೊಡ್ಡದು ತಗೊಂಡು ಹಿಮ್ಮಡಿ ಜಾರಿಸಿಕೊಂಡು ನಡೆಯುವುದನ್ನು ನಾನು ಹತ್ತು ವರ್ಷ ಮಾಡಿದ್ದೇನೆ. ನಮ್ಮ ಸಪ್ಲೈಯರ್ ಹುಡುಗನೊಬ್ಬ ಚೆಂಬೂರಿನ ಠಕ್ಕರ್ ಬಾಪ್ಪಾ ಕಾಲೊನಿಗೆ ಹೋಗಿ, ಅಲ್ಲಿ ಮನೆ ಮನೆಯಲ್ಲೂ ಶೂ ಹೊಲಿಯುತ್ತಾರೆ ಅಂದ. ಅಗಲದ ಅಚ್ಚಿನಲ್ಲಿ ಮಾಡಿಸಬಹುದಿತ್ತೋ ಏನೋ. ಅಷ್ಟರಲ್ಲಿ ದಾದರ್‌ನಲ್ಲಿ ಅಗಲದ ಮಾಡೆಲ್ ಒಂದು ಸಿಕ್ಕಿತು, ಲೇಸ್ ಇರುವ ಕಪ್ಪು ವಾಕಿಂಗ್ ಶೂ, 3,600. ತಳ ಒದ್ದೆ ನೆಲದಲ್ಲಿ ಜಾರುವುದಿಲ್ಲವಾ ಅಂತ ಅಂಗಡಿ ಹೊರಗೆ ಫುಟ್‌ಪಾತ್ ಮೇಲೆ ನೀರು ಚೆಲ್ಲಿ ನೋಡಲು ಬಿಡಲಿಲ್ಲ, ಅದೊಂದು ಬೇಸರ.

ಹೊಸ ಶೂ, ಹೊಸ ಇನ್‌ಸೋಲ್. ಈ ಸಲ ಬುದ್ಧಿ ಬಂದಿತ್ತು. ಮೊದಲ ದಿನ ಒಂದು ಗಂಟೆ. ಮರುದಿನ ಎರಡು. ಹಳೇ ಶೂ ಹೋಟೆಲಿನ ಕಪಾಟಿನಲ್ಲಿ, ಹೊತ್ತು ನೋಡಿ ಬದಲಿಸುವುದು. ಪೂರ್ತಿ ದಿನ ಹಾಕಲು ಎರಡು ವಾರ ಬೇಕಾಯಿತು. ಕಮಾನಿನ ಕೆಳಗೆ ಏನೋ ಇದೆ ಅನ್ನುವ ಭಾವನೆ ಹತ್ತು ದಿನ ಇತ್ತು, ಆಮೇಲೆ ಹೋಯಿತು. ಇದ್ದದ್ದು ಗೊತ್ತಾಗಬೇಕು, ಚುಚ್ಚಬಾರದು. ಚುಚ್ಚಿದರೆ ಅದು ಅಭ್ಯಾಸ ಆಗುವುದಲ್ಲ, ಅಳತೆ ತಪ್ಪಿದ್ದು.

ಜೊತೆಗೆ ಫಿಸಿಯೋ ಹೇಳಿದ ಕಸರತ್ತು. ಗೋಡೆಗೆ ಕೈ ಊರಿ ಮೀನಖಂಡ ಹಿಗ್ಗಿಸುವುದು, ಮಂಚದಿಂದ ಇಳಿಯುವ ಮೊದಲೇ ಹೆಬ್ಬೆರಳನ್ನು ಮೊಣಕಾಲ ಕಡೆಗೆ ಎಳೆದು ಹಿಡಿಯುವುದು. ಮಧ್ಯಾಹ್ನ ಮೂರೂವರೆಗೆ ಹೋಟೆಲ್ ಖಾಲಿ ಇರುವಾಗ ಫ್ರೀಜರ್‌ನಿಂದ ಗಟ್ಟಿಯಾದ ನೀರಿನ ಬಾಟಲಿ ತೆಗೆದು ಮೇಜಿನಡಿ ಅಂಗಾಲಲ್ಲಿ ಉರುಳಿಸುತ್ತೇನೆ. ಧನಿಗಳು ಮೊದಲ ದಿನ ಬಗ್ಗಿ ನೋಡಿದರು. "ಗಿರಾಕಿಗೆ ಕೊಡುವ ಬಾಟಲಿ ಅಲ್ಲ ತಾನೇ?" ಅಂದರು. ಅಲ್ಲ, ಅದಕ್ಕೆ ಕೆಂಪು ದಾರ ಕಟ್ಟಿದ್ದೇನೆ.

ಒಂದು ತಿಂಗಳು ಕಳೆಯಿತು. ಡ್ಯೂಟಿ ಹೊತ್ತಿನ ನೋವು ಅರ್ಧ ಇಳಿಯಿತು, ಬೆಳಗಿನ ಹೆರೆಮಣೆ ಮಾತ್ರ ಹಾಗೇ. ಯಾಕೆ ಅಂದದ್ದಕ್ಕೆ ಫಿಸಿಯೋ ಹುಡುಗಿ ಕೇಳಿದಳು, ಮನೆಯಲ್ಲಿ ಏನು ಹಾಕುತ್ತೀರಿ? ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮನೆಯಲ್ಲಿ ಏನು ಹಾಕುವುದು, ಬರಿಗಾಲು. ಡ್ಯೂಟಿಯಿಂದ ಬಂದು ಮಲಗುವವರೆಗೆ ಮೂರು ಗಂಟೆ, ರಜೆಯ ದಿನ ಪೂರ್ತಿ, ಗಟ್ಟಿ ಟೈಲ್ಸ್ ಮೇಲೆ. ಇಂಗ್ಲಿಷಿನಲ್ಲಿ ಓದಿದ ಯಾವ ಸಲಹೆಯಲ್ಲೂ ಇದಿರಲಿಲ್ಲ. ಅದನ್ನು ಬರೆದವರು ಮನೆಯಲ್ಲಿ ಶೂ ಹಾಕಿಕೊಂಡೇ ಓಡಾಡುವವರಿರಬಹುದು. ನಮ್ಮಲ್ಲಿ ಚಪ್ಪಲಿ ಬಾಗಿಲಿಂದ ಈಚೆಗೆ ಬಂದರೆ ಅಮ್ಮನ ಫೋಟೋ ಕೂಡಾ ಬೈಯುತ್ತದೆ.

ಮನೆಯೊಳಗೆ ಚಪ್ಪಲಿ ಅಂದದ್ದಕ್ಕೆ ಹೆಂಡತಿ ಒಂದು ದಿನ ಮಾತಾಡಲಿಲ್ಲ. ಆಮೇಲೆ ಒಪ್ಪಂದ ಆಯಿತು. ಹೊರಗಿನ ಧೂಳು ಒಮ್ಮೆಯೂ ಮುಟ್ಟದ ಹೊಸ ಜೋಡಿ, ಡಬ್ಬಿಯಿಂದ ತೆಗೆದದ್ದು ಮನೆಯೊಳಗೇ. ದೇವರಕೋಣೆಗೂ ಒಲೆಯ ಮುಂದೂ ಇಲ್ಲ. ಮೊದಲು ಮೆಡಿಕಲ್‌ನವನು ಎಂಸಿಆರ್ ಚಪ್ಪಲಿ ತೋರಿಸಿದ. ಕುಷ್ಠರೋಗದವರ, ಶುಗರ್‌ನವರ ಜೋಮು ಹಿಡಿದ ಕಾಲಿಗೆ ಅಂತ ಬಳಕೆಗೆ ಬಂದ ಮೆತ್ತನೆಯ ರಬ್ಬರ್ ಅದು, ಅವರಿಗೆ ಬಹಳ ಒಳ್ಳೆಯದು. ಆದರೆ ಅವನ ಹತ್ತಿರ ಇದ್ದದ್ದು ಚಪ್ಪಟೆ. ನನಗೆ ಬೇಕಾದದ್ದು ಹಿಮ್ಮಡಿಗೆ ಗುಳಿ, ಕಮಾನಿಗೆ ಉಬ್ಬು ಇರುವ ಅಚ್ಚಿನ ಚಪ್ಪಲಿ. 1,100ಕ್ಕೆ ಸಿಕ್ಕಿತು. ಬಣ್ಣ ಮಾತ್ರ ಕುಂಕುಮ ಕೆಂಪು, ನನ್ನ ನಂಬರಿನಲ್ಲಿ ಅದೊಂದೇ ಇತ್ತು. ಮಂಚದ ಪಕ್ಕದಲ್ಲೇ ಇಟ್ಟಿರುತ್ತೇನೆ. ಬೆಳಗಿನ ಮೊದಲ ಹೆಜ್ಜೆ ಅದರ ಮೇಲೆ. ಹೆರೆಮಣೆ ಮೊಂಡಾದದ್ದು ಅಲ್ಲಿಂದ.

ಅಷ್ಟರಲ್ಲಿ ಜೂನ್. ಮುಂಬೈ ಮಳೆಗೆ ಈ ಸಾಮಾನು ಯಾವುದೂ ಹೇಳಿ ಮಾಡಿಸಿದ್ದಲ್ಲ. ಮೊದಲ ದೊಡ್ಡ ಮಳೆಗೆ ಡೊಂಬಿವಲಿ ಸ್ಟೇಷನ್ ದಾಟುವಷ್ಟರಲ್ಲಿ ಶೂ ಒಳಗೆ ಕೆರೆ. ಹೋಟೆಲಿಗೆ ಬಂದು ಇನ್‌ಸೋಲ್ ಎಳೆದು, ಒಣಗಿಸಿಡು ಮಾರಾಯ ಅಂತ ಹೊಸ ಹುಡುಗನಿಗೆ ಕೊಟ್ಟೆ. ಅವನು ಒಳ್ಳೆ ಮನಸ್ಸಿನಿಂದಲೇ ಚಹಾ ಬಾಯ್ಲರಿಗೆ ಒರಗಿಸಿಟ್ಟ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ 1,450 ರೂಪಾಯಿ ಉದ್ದಿನ ಹಪ್ಪಳದ ಹಾಗೆ ಸುರುಳಿ ಸುತ್ತಿಕೊಂಡಿದೆ. ಅವನು ಅಳುವ ಹಾಗಾಗಿದ್ದ. ಬೈಯಲು ಬಾಯಿ ಬರಲಿಲ್ಲ. 17ರಲ್ಲಿ ನಾನೂ ಧನಿಗಳ ಕೈಗಡಿಯಾರ ಸಾಬೂನು ನೀರಿಗೆ ಹಾಕಿದವನೇ.

ಎರಡನೇ ಜೋಡಿಗೆ ನಿಯಮ ಮಾಡಿದೆ. ಅದು ಹೋಟೆಲ್ ಬಿಟ್ಟು ಹೊರಗೆ ಬರುವುದಿಲ್ಲ, ಮಳೆಗಾಲ ಮುಗಿಯುವವರೆಗೆ. ದಾರಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್, ಒಳಗೇ ಕಮಾನು ಅಚ್ಚಾಗಿರುವುದು. ತೊಳೆದರೆ ಆಯಿತು. ಶೂ ಒದ್ದೆ ಆದರೆ ಒಳಗೆ ಹಳೇ ಪೇಪರ್ ತುರುಕಿ, ಇನ್‌ಸೋಲನ್ನು ಬೇರೆ ತೆಗೆದು ಫ್ಯಾನಿನಡಿ ಗೋಡೆಗೆ ಒರಗಿಸುವುದು. ಬೆಂಕಿ, ಬಿಸಿಲು ಎರಡೂ ಬೇಡ.

ಈಗ ಹತ್ತು ತಿಂಗಳು. ನೋವು ಪೂರ್ತಿ ಹೋಗಿದೆ ಅಂದರೆ ಸುಳ್ಳು. ಗಣಪತಿ ಹಬ್ಬದ ವಾರದಲ್ಲಿ ಎರಡು ದಿನ ಡಬಲ್ ಡ್ಯೂಟಿ ಮಾಡಿದಾಗ ಬಂದು ಮುಖ ತೋರಿಸಿ ಹೋಯಿತು. ಊರಿಂದ ತಂದ ಮದುವೆ ಮನೆಯ ಚರ್ಮದ ಚಪ್ಪಲಿ ಒಂದು ಜೋಡಿ ಇದೆ, ಅಥಣಿಯದ್ದೇ, ಅದನ್ನು ಬಿಡಲು ಮನಸ್ಸಿಲ್ಲ. ಮಾಹಿಮ್ ಕರ್ನಾಟಕ ಸಂಘದಲ್ಲಿ ಯಕ್ಷಗಾನ ಇದ್ದರೆ ಹಾಕಿಕೊಂಡು ಹೋಗುತ್ತೇನೆ, ಅಲ್ಲಿ ಕೂತೇ ಇರುವುದಲ್ಲ.

ಮೊನ್ನೆ ರಾತ್ರಿ ಬಾಗಿಲು ಹಾಕಿದ ಮೇಲೆ ಹುಡುಗರು ನೆಲ ತೊಳೆಯುತ್ತಿದ್ದರು. ಬಾಯ್ಲರ್ ಹುಡುಗ ಒದ್ದೆ ಕಾಲಲ್ಲಿ ಒಣಗಿದ ಕಡೆಗೆ ಓಡಿದ. ಕಲ್ಲಿನ ಮೇಲೆ ಸಾಲಾಗಿ ಸಟ್ಟುಗ. ನಾನು ನಿಲ್ಲಿಸಿ ತೋರಿಸಿದೆ. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಒತ್ತಿದರು, ನಗು, ಗಲಾಟೆ. ಭಟ್ರು ಮಾತ್ರ ಒಳಗಿಂದ ಬರಲಿಲ್ಲ. ಅವರು 40 ವರ್ಷದಿಂದ ದೋಸೆಕಲ್ಲಿನ ಮುಂದೆ ಬರಿಗಾಲಲ್ಲೇ ನಿಂತವರು. ಅಡುಗೆಮನೆಯೊಳಗೆ ಮೆಟ್ಟು ಹಾಕಲು ಒಪ್ಪುವುದಿಲ್ಲ. ಬೆಳಿಗ್ಗೆ ಅವರೂ ಗೋಡೆ ಹಿಡಿದೇ ಏಳುತ್ತಾರೆ ಅಂತ ಹುಡುಗರು ಹೇಳಿದರು. ದೋಸೆಕಲ್ಲಿನ ಮುಂದೆ ಹಾಸಲು ದಪ್ಪ ರಬ್ಬರ್ ಮ್ಯಾಟ್ ಒಂದನ್ನು ತರಿಸಿದ್ದೇನೆ, ನಿಂತು ಕೆಲಸ ಮಾಡುವವರಿಗೆ ಅಂತಲೇ ಸಿಗುವುದು. ಭಟ್ರು ಅದನ್ನು ಮೊದಲು ಮೂರು ನೀರು ತೊಳೆಸಿದರು. ಈಗ ಅದರ ತುದಿಯಲ್ಲಿ ಒಂದು ಕಾಲು ಇಟ್ಟು ನಿಲ್ಲುತ್ತಾರೆ.